ಪಹಣಿಯಲ್ಲಿ 2.20, ಕಂಪ್ಯೂಟರ್‌ನಲ್ಲಿ 2.50: ಸರ್ವೆ ಸಾಫ್ಟ್‌ವೇರ್‌ನಲ್ಲಿ ಯೂನಿಟ್ ಗೊಂದಲ

ಪ್ರಶ್ನೆ: ಸಿವಿಲ್ ಡಿಪ್ಲೊಮಾ ಮುಗಿಸಿ ಒಬ್ಬ ಪರವಾನಗಿ ಸರ್ವೇಯರ್ ಹತ್ತಿರ ಕೆಲಸ ಕಲಿಯುತ್ತಿದ್ದೇನೆ. ಮೊನ್ನೆ ನಾಲ್ಕು ಮೂಲೆಯ ಒಂದು ಹೊಲ ಅಳೆದೆವು. ಪ್ರತಿ ಬದಿಯೂ 100 ಮೀಟರ್ ಆಸುಪಾಸು. ಟೋಟಲ್ ಸ್ಟೇಷನ್‌ನಲ್ಲಿ (ಕೋನ, ದೂರ ಎರಡನ್ನೂ ಅಳೆಯುವ ಯಂತ್ರ) ಓದಿದ ಕೋನಗಳನ್ನು ಬುಕ್ಕಿನಲ್ಲಿ ಬರೆದುಕೊಂಡು, ನಕ್ಷೆ ಬರೆಯುವ ಸಾಫ್ಟ್‌ವೇರ್ ಆದ ಆಟೋಕ್ಯಾಡ್‌ಗೆ ಹಾಕಿದೆ. ಆಕೃತಿ ಮುಚ್ಚಲಿಲ್ಲ, 94 ಸೆಂಟಿಮೀಟರ್ ಬಾಯಿ ಬಿಟ್ಟುಕೊಂಡಿದೆ. ಹಳೇ ಟಿಪ್ಪಣಿಯ (ಹಿಂದಿನ ಸರ್ವೆಯ ಅಳತೆ ದಾಖಲೆ) ಚೈನು-ಆಣೆ ಅಳತೆ ಎಕ್ಸೆಲ್‌ಗೆ ಹಾಕಿ ಮೀಟರ್ ಮಾಡಿದರೆ ಒಂದು ಬದಿ 6 ಮೀಟರಿಗಿಂತ ಜಾಸ್ತಿ ಕಡಿಮೆ ಬರುತ್ತಿದೆ. ವಿಸ್ತೀರ್ಣ 2.50 ಎಕರೆ ಬಂತು, ಪಹಣಿಯಲ್ಲಿ 2.20 ಇದೆ. 12 ಗುಂಟೆ ಹೆಚ್ಚಿಗೆ ಇದೆ ಅಂತ ಹೊಲದವರಿಗೆ ಹೇಳಿಬಿಟ್ಟಿದ್ದೇನೆ. ಜೊತೆಯವರು "ಟ್ರಾವರ್ಸ್ ಅಡ್ಜಸ್ಟ್ ಮಾಡಿ ಮುಚ್ಚಿಬಿಡು" ಅನ್ನುತ್ತಾರೆ, ಅಂದರೆ ಆ ತಪ್ಪನ್ನು ಸಾಫ್ಟ್‌ವೇರ್‌ನಿಂದ ಎಲ್ಲ ಬದಿಗೂ ಹಂಚಿಬಿಡುವುದು. ತಪ್ಪು ಎಲ್ಲಿದೆ?

ಉತ್ತರ: ಮೊದಲು ಸಮಾಧಾನದ ಮಾತು. ನಿಮ್ಮ ಹೊಲದ ಕೆಲಸ ಚೆನ್ನಾಗಿದೆ. ಮತ್ತೆ ಹೋಗಿ ಅಳೆಯಬೇಕಾಗಿಲ್ಲ. ನೀವು ಕಳಿಸಿದ ಮೂರು ತೊಂದರೆಗಳೂ ಒಂದೇ ಜಾಗದಿಂದ ಹುಟ್ಟಿವೆ. ಆ ಜಾಗ ಅಂಕಿಯ ನಡುವಿನ ಚುಕ್ಕಿ.

ಶಾಲೆಯಲ್ಲಿ ನಾವು ಕಲಿತದ್ದು ದಶಮಾಂಶದ ಚುಕ್ಕಿ. ಅದರ ಬಲಗಡೆ ಇರುವುದು ಹತ್ತನೇ ಒಂದು, ನೂರನೇ ಒಂದು. ಆದರೆ ಸರ್ವೆ ಕೆಲಸದಲ್ಲಿ ಅದೇ ಚುಕ್ಕಿಯನ್ನು ಬರೀ ಗೆರೆ ಎಳೆದ ಹಾಗೆ, ಎರಡು ಯೂನಿಟ್‌ಗಳನ್ನು ಬೇರೆ ಮಾಡುವುದಕ್ಕೂ ಬಳಸುತ್ತೇವೆ. ಎಕರೆ ಚುಕ್ಕಿ ಗುಂಟೆ. ಚೈನು ಚುಕ್ಕಿ ಆಣೆ. ಡಿಗ್ರಿ ಚುಕ್ಕಿ ನಿಮಿಷ, ಸೆಕೆಂಡ್. ಬರೆದವರಿಗೆ ಅದು ಗೊತ್ತು, ಓದುವ ಮನುಷ್ಯರಿಗೂ ಗೊತ್ತಾಗುತ್ತದೆ. ಕಂಪ್ಯೂಟರಿಗೆ ಮಾತ್ರ ನೀವು ಹೇಳದೆ ಗೊತ್ತಾಗುವುದಿಲ್ಲ. ಅದು ಎಲ್ಲ ಚುಕ್ಕಿಯನ್ನೂ ದಶಮಾಂಶ ಅಂತಲೇ ಓದುತ್ತದೆ.

ವಿಸ್ತೀರ್ಣದಿಂದ ಶುರು ಮಾಡೋಣ, ಯಾಕೆಂದರೆ ಅದು ಈಗಾಗಲೇ ಹೊಲದವರ ಕಿವಿಗೆ ಬಿದ್ದಿದೆ. ಪಹಣಿಯ 2.20 ಅಂದರೆ 2 ಎಕರೆ 20 ಗುಂಟೆ. ಎಕರೆಗೆ 40 ಗುಂಟೆ. ಹಾಗಾಗಿ 20 ಗುಂಟೆ ಅಂದರೆ ಅರ್ಧ ಎಕರೆ. ಒಟ್ಟು ಎರಡೂವರೆ ಎಕರೆ. ಆಟೋಕ್ಯಾಡ್ ಹೇಳಿದ 2.50 ಕೂಡ ಅದೇ ಎರಡೂವರೆ ಎಕರೆ. ಎರಡೂ ಒಂದೇ ಜಮೀನು, ಒಂದೇ ಅಳತೆ. ನೀವು 2.50ರಲ್ಲಿ 2.20 ಕಳೆದು, ಉಳಿದ 0.30 ಅನ್ನು 40ರಿಂದ ಗುಣಿಸಿ 12 ಗುಂಟೆ ಅಂದಿರಿ. ಗುಣಾಕಾರ ಸರಿ ಇದೆ. ಆದರೆ ಕಳೆದ ಎರಡು ಅಂಕಿಗಳು ಒಂದೇ ಜಾತಿಯವಲ್ಲ.

ಇದನ್ನು ಬೇರೆ ದಾರಿಯಿಂದಲೂ ತಾಳೆ ನೋಡಬಹುದು. ನಮ್ಮ ಹಳೇ ಸರ್ವೆಯ ಚೈನು 33 ಅಡಿ. 33 ಅಡಿ ಉದ್ದ, 33 ಅಡಿ ಅಗಲ, ಅಂದರೆ 1,089 ಚದರ ಅಡಿ, ಒಂದು ಗುಂಟೆ. ಎಷ್ಟು ಸೊಗಸಾದ ಲೆಕ್ಕ ನೋಡಿ: ಉದ್ದ, ಅಗಲ ಎರಡನ್ನೂ ಚೈನಿನಲ್ಲಿ ಇಟ್ಟುಕೊಂಡು ಗುಣಿಸಿದರೆ ಉತ್ತರ ನೇರವಾಗಿ ಗುಂಟೆಯಲ್ಲೇ ಬರುತ್ತದೆ. ನಿಮ್ಮ ಹೊಲ ಹೆಚ್ಚುಕಡಿಮೆ 10 ಚೈನಿಗೆ 10 ಚೈನು. ನೂರು ಗುಂಟೆ. ನಲವತ್ತರಿಂದ ಭಾಗಿಸಿದರೆ 2 ಎಕರೆ 20 ಗುಂಟೆ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಹೊಲದ ಬದುವಿನ ಮೇಲೆ ನಿಂತೇ ಲೆಕ್ಕ ಹೇಳುತ್ತಿದ್ದವರ ಗುಟ್ಟು ಇದೇ. ಸಾಫ್ಟ್‌ವೇರ್ ಏನೇ ಹೇಳಲಿ, ಈ ಬಾಯಿಲೆಕ್ಕ ಒಂದು ಸಲ ಹಾಕಿ ನೋಡುವುದನ್ನು ರೂಢಿ ಮಾಡಿಕೊಳ್ಳಿ.

ಈಗ ಟಿಪ್ಪಣಿ. ನೀವು ಕಳಿಸಿದ ಶೀಟ್ ನೋಡಿದೆ. 9 ಚೈನು 12 ಆಣೆ ಇದ್ದದ್ದನ್ನು 9.12 ಅಂತ ಹಾಕಿ, 10.0584ರಿಂದ ಗುಣಿಸಿದ್ದೀರಿ. 33 ಅಡಿಗೆ 10.0584 ಮೀಟರ್ ಅನ್ನುವುದು ಸರಿ. ಆದರೆ ಚೈನಿಗೆ 16 ಆಣೆ, ರೂಪಾಯಿಗೆ ಇದ್ದ ಹಾಗೆಯೇ. 12 ಆಣೆ ಅಂದರೆ ಮುಕ್ಕಾಲು. ಅದು 9.75 ಚೈನು ಆಗಬೇಕು, ಅಂದರೆ 98.07 ಮೀಟರ್. ನಿಮ್ಮ ಶೀಟ್‌ನಲ್ಲಿ 91.73 ಇದೆ. ಕಳೆದುಹೋದ ಆರು ಚಿಲ್ಲರೆ ಮೀಟರ್ ಅಲ್ಲೇ ಇದೆ, ಸುಮಾರು 21 ಅಡಿ. ಟೋಟಲ್ ಸ್ಟೇಷನ್ ಅದೇ ಬದಿಗೆ 98.1 ತೋರಿಸಿದೆ ಅಂತ ನೀವೇ ಬರೆದಿದ್ದೀರಿ. ಚೈನು ಹಿಡಿದು ಅಳೆದವರು ಎಷ್ಟು ನಿಷ್ಠೆಯಿಂದ ಅಳೆದಿದ್ದಾರೆ ಅಂತ ನನಗಂತೂ ಖುಷಿಯಾಯಿತು.

ಅದೇ ಶೀಟ್‌ನಲ್ಲಿ ಇನ್ನೊಂದು ಅಪಾಯ ಕಾಣಿಸಿತು. 10 ಚೈನು 4 ಆಣೆಯನ್ನು 10.04 ಅಂತ ಹಾಕಿದ್ದೀರಿ, ಅಲ್ಲಿ 7 ಅಡಿ ಕಡಿಮೆಯಾಗಿದೆ. ಇನ್ನೊಂದು ಕಡೆ 10 ಆಣೆ ಇದ್ದಲ್ಲಿ ಎಕ್ಸೆಲ್ ಕೊನೆಯ ಸೊನ್ನೆ ನುಂಗಿ ಬರೀ .1 ಉಳಿಸಿದೆ. ಈಗ ಅದು 1 ಆಣೆಯೋ 10 ಆಣೆಯೋ? ಟಿಪ್ಪಣಿ ತೆಗೆದು ನೋಡದೆ ಯಾರಿಗೂ ಹೇಳಲಿಕ್ಕೆ ಆಗುವುದಿಲ್ಲ. ಪಹಣಿಯ 2.20 ಹಾಕಿದರೂ ಹೀಗೆಯೇ 2.2 ಆಗುತ್ತದೆ. ಆರು ತಿಂಗಳು ಬಿಟ್ಟು ಆ ಶೀಟ್ ತೆಗೆದವರು ಅದನ್ನು 2 ಎಕರೆ 2 ಗುಂಟೆ ಅಂತ ಓದಬಹುದು. 18 ಗುಂಟೆ ಹೋಯಿತು! ಅಣ್ಣ-ತಮ್ಮಂದಿರ ಹಿಸ್ಸೆಯಲ್ಲಿ 18 ಗುಂಟೆ ಅಂದರೆ ಸಣ್ಣ ಮಾತಲ್ಲ.

ಇದಕ್ಕೆ ನಾನು ಕಂಡುಕೊಂಡ ಮದ್ದು ಒಂದೇ. ಚುಕ್ಕಿಯನ್ನು ಬಿಟ್ಟುಬಿಡಿ, ಕಾಲಂ ಮಾಡಿ. ಎಕರೆಗೆ ಒಂದು ಕಾಲಂ, ಗುಂಟೆಗೆ ಒಂದು, ಆಣೆಗೆ ಒಂದು. ನಾಲ್ಕನೇ ಕಾಲಂನಲ್ಲಿ ಫಾರ್ಮುಲಾ: ಎಕರೆ, ಜೊತೆಗೆ ಗುಂಟೆಯನ್ನು 40ರಿಂದ, ಆಣೆಯನ್ನು 640ರಿಂದ ಭಾಗಿಸಿ ಕೂಡಿಸುವುದು. ಉದ್ದಕ್ಕಾದರೆ ಚೈನಿಗೆ ಒಂದು, ಆಣೆಗೆ ಒಂದು, ಆಣೆಯನ್ನು 16ರಿಂದ ಭಾಗಿಸುವುದು. ವಿಸ್ತೀರ್ಣದ ಆಣೆ ಬೇರೆ, ಉದ್ದದ ಆಣೆ ಬೇರೆ ಅನ್ನುವುದು ನೆನಪಿರಲಿ. ಗುಂಟೆಯ ಹದಿನಾರನೇ ಒಂದು ಪಾಲು 68 ಚದರ ಅಡಿ ಚಿಲ್ಲರೆ. ಚೈನಿನ ಹದಿನಾರನೇ ಒಂದು ಪಾಲು 2 ಅಡಿ ಮುಕ್ಕಾಲು ಇಂಚು. ಹೆಸರು ಒಂದೇ ಆಗಿರುವುದರಿಂದ ಹೊಸಬರು ಇಲ್ಲಿ ಎಡವುತ್ತಾರೆ.

ಇನ್ನು 94 ಸೆಂಟಿಮೀಟರ್ ಬಾಯಿ. ಇದು ಸ್ವಲ್ಪ ನಿಧಾನವಾಗಿ ನೋಡಬೇಕಾದದ್ದು.

ನಿಮ್ಮ ಬುಕ್ಕಿನಲ್ಲಿರುವ ನಾಲ್ಕು ಒಳಕೋನಗಳು: 89.4530, 91.2040, 88.3815, 90.1535. ಇವನ್ನು ದಶಮಾಂಶ ಅಂತಲೇ ಕೂಡಿಸಿದರೆ 359.1920 ಬರುತ್ತದೆ. ನಾಲ್ಕು ಮೂಲೆಯ ಆಕೃತಿಗೆ ಒಳಕೋನಗಳ ಮೊತ್ತ 360 ಡಿಗ್ರಿ ಆಗಲೇಬೇಕು. ಇಲ್ಲಿ 48 ನಿಮಿಷಕ್ಕಿಂತ ಹೆಚ್ಚು ಕೊರತೆ ಇದೆ. ಇಷ್ಟು ದೊಡ್ಡ ತಪ್ಪನ್ನು ಸರಿಯಾಗಿ ನಿಲ್ಲಿಸಿದ ಟೋಟಲ್ ಸ್ಟೇಷನ್ ಮಾಡುವುದಿಲ್ಲ. ಈಗ ಅವೇ ಅಂಕಿಗಳನ್ನು ಡಿಗ್ರಿ-ನಿಮಿಷ-ಸೆಕೆಂಡ್ ಅಂತ ಓದಿ. 89 ಡಿಗ್ರಿ 45 ನಿಮಿಷ 30 ಸೆಕೆಂಡ್. 91 ಡಿಗ್ರಿ 20 ನಿಮಿಷ 40 ಸೆಕೆಂಡ್. 88 ಡಿಗ್ರಿ 38 ನಿಮಿಷ 15 ಸೆಕೆಂಡ್. 90 ಡಿಗ್ರಿ 15 ನಿಮಿಷ 35 ಸೆಕೆಂಡ್. ಕೂಡಿಸಿ ನೋಡಿ. ಸರಿಯಾಗಿ 360 ಡಿಗ್ರಿ, ಒಂದು ಸೆಕೆಂಡೂ ಆಚೀಚೆ ಇಲ್ಲ.

ನೀವು ಬುಕ್ಕಿನಲ್ಲಿ ಬರೆಯುವಾಗ ಸುಲಭಕ್ಕೆ ಅಂತ ಡಿಗ್ರಿಯ ಗುರುತು ಬಿಟ್ಟು ಚುಕ್ಕಿ ಇಟ್ಟಿರಿ. ಎಷ್ಟೋ ಸರ್ವೇಯರ್‌ಗಳು, ಎಷ್ಟೋ ಕ್ಯಾಲ್ಕುಲೇಟರ್‌ಗಳು ಹೀಗೇ ಬರೆಯುತ್ತವೆ, ಅದು ತಪ್ಪೇನಲ್ಲ. ಆದರೆ ಆಟೋಕ್ಯಾಡ್‌ಗೆ 89.4530 ಅಂತ ಕೊಟ್ಟರೆ ಅದು 89 ಡಿಗ್ರಿ 27 ನಿಮಿಷ ಚಿಲ್ಲರೆ ಅಂತ ತಿಳಿಯುತ್ತದೆ. ಕೋನದಲ್ಲಿ 18 ನಿಮಿಷ ಹೋದರೆ 100 ಮೀಟರ್ ದೂರದಲ್ಲಿ ಅರ್ಧ ಮೀಟರಿಗಿಂತ ಜಾಸ್ತಿ ಸರಿದ ಹಾಗೆ. ನಾಲ್ಕು ಮೂಲೆಯಲ್ಲೂ ಹೀಗೆ ಸೇರಿಕೊಂಡು ಕೊನೆಗೆ 94 ಸೆಂಟಿಮೀಟರ್ ಆಯಿತು. ಆಟೋಕ್ಯಾಡ್‌ನದೇ ಸರ್ವೆ-ಸಿವಿಲ್ ಆವೃತ್ತಿಯಾದ ಸಿವಿಲ್ 3ಡಿಯಲ್ಲಿ ಕೋನದ ಫಾರ್ಮ್ಯಾಟನ್ನು ಡಿಗ್ರಿ-ಚುಕ್ಕಿ-ನಿಮಿಷ-ಸೆಕೆಂಡ್ ಅಂತ ಇಟ್ಟುಕೊಳ್ಳಲು ಬರುತ್ತದೆ. ಹಾಗೆ ಇಟ್ಟ ಡ್ರಾಯಿಂಗ್‌ನಲ್ಲಿ ಇದೇ ಅಂಕಿ ಸರಿಯಾಗಿ ಕೂರುತ್ತದೆ. ಅದಕ್ಕೇ "ನನ್ನ ಸ್ನೇಹಿತನ ಸಿಸ್ಟಮ್‌ನಲ್ಲಿ ಸರಿ ಬಂತು, ನನ್ನದರಲ್ಲಿ ಇಲ್ಲ" ಅನ್ನುವ ದೂರು ಪದೇ ಪದೇ ಕೇಳುತ್ತೇನೆ. ಸಾದಾ ಆಟೋಕ್ಯಾಡ್‌ನಲ್ಲಿ ಡಿಗ್ರಿಯ ನಂತರ ಇಂಗ್ಲಿಷಿನ ಡಿ ಅಕ್ಷರ, ನಿಮಿಷದ ನಂತರ ಒಂಟಿ ಉದ್ಧರಣ ಚಿಹ್ನೆ, ಸೆಕೆಂಡ್ ನಂತರ ಜೋಡಿ ಚಿಹ್ನೆ ಹಾಕಿ ಕೊಡಿ. ಆಗ ಗೊಂದಲಕ್ಕೆ ಜಾಗವೇ ಇರುವುದಿಲ್ಲ.

ಎಕ್ಸೆಲ್‌ನಲ್ಲಿ ಮಾಡುವುದಾದರೆ ಇಲ್ಲೂ ಮೂರು ಕಾಲಂ. ನಿಮಿಷವನ್ನು 60ರಿಂದ, ಸೆಕೆಂಡನ್ನು 3600ರಿಂದ ಭಾಗಿಸಿ ಡಿಗ್ರಿಗೆ ಕೂಡಿಸಿ. ಚುಕ್ಕಿಯ ಅಂಕಿಯನ್ನೇ ಫಾರ್ಮುಲಾದಿಂದ ಒಡೆಯಲು ಹೋಗಬೇಡಿ. ಕಂಪ್ಯೂಟರ್ ಒಳಗೆ ಅಂಕಿ ಇಡುವ ರೀತಿಯಿಂದಾಗಿ .30 ಅನ್ನುವುದು ಕೆಲವು ಸಲ .2999999 ಆಗಿ ಕೂತಿರುತ್ತದೆ. 30 ನಿಮಿಷ ಇದ್ದದ್ದು 29 ನಿಮಿಷ 99 ಸೆಕೆಂಡ್ ಆಗಿಬಿಡುತ್ತದೆ. ಇನ್ನೊಂದು ಮಾತು: ಎಕ್ಸೆಲ್‌ನ ಸೈನ್, ಕೊಸೈನ್‌ಗಳು ರೇಡಿಯನ್ (ಕೋನದ ಇನ್ನೊಂದು ಯೂನಿಟ್) ಕೇಳುತ್ತವೆ, ಡಿಗ್ರಿ ಅಲ್ಲ. ಡಿಗ್ರಿಯನ್ನು 57.2958ರಿಂದ ಭಾಗಿಸಿ ಕೊಡಿ, ಇಲ್ಲವೇ ಅದಕ್ಕೇ ಇರುವ ರೇಡಿಯನ್ಸ್ ಫಂಕ್ಷನ್ ಬಳಸಿ.

ಯಾರೋ ಕೊಟ್ಟ ಪಟ್ಟಿಯಲ್ಲಿ ಚುಕ್ಕಿ ಯಾವ ಜಾತಿಯದು ಅಂತ ಕಂಡುಹಿಡಿಯುವುದು ಹೇಗೆ? ಅದಕ್ಕೂ ದಾರಿ ಇದೆ. ನಿಮಿಷವಾಗಲಿ ಸೆಕೆಂಡಾಗಲಿ 59 ದಾಟುವುದಿಲ್ಲ. ಚುಕ್ಕಿಯ ಬಲಗಡೆಯ ಅಂಕಿಗಳನ್ನು ಎರಡೆರಡಾಗಿ ಒಡೆದು ನೋಡಿ. ಎಲ್ಲಾದರೂ ಒಂದು ಕಡೆ 60 ಅಥವಾ ಅದಕ್ಕಿಂತ ಹೆಚ್ಚು ಸಿಕ್ಕರೆ ಆ ಪಟ್ಟಿ ದಶಮಾಂಶದ್ದು. ಹತ್ತು ಹದಿನೈದು ಕೋನಗಳಲ್ಲಿ ಒಂದೂ 59 ದಾಟಿಲ್ಲ ಅಂದರೆ ಅದು ನಿಮಿಷ-ಸೆಕೆಂಡೇ. ಗುಂಟೆಯಲ್ಲಿ 39, ಆಣೆಯಲ್ಲಿ 15 ಇದೇ ಕೆಲಸ ಮಾಡುತ್ತವೆ. ವಿಸ್ತೀರ್ಣದ ಪಟ್ಟಿಯಲ್ಲಿ 1.65 ಅಂತ ಕಂಡರೆ ಅದು ಗುಂಟೆ ಅಲ್ಲವೇ ಅಲ್ಲ. ದಶಮಾಂಶದ ಎಕರೆ ಇರಬೇಕು, ಇಲ್ಲವೇ ಸೆಂಟ್ಸ್ ಇರಬೇಕು.

ಸೆಂಟ್ಸ್ ಅಂದಾಗ ನೆನಪಾಯಿತು. ಮುಂದೆ ನೀವು ದಕ್ಷಿಣ ಕನ್ನಡ, ಉಡುಪಿ ಕಡೆ ಕೆಲಸಕ್ಕೆ ಹೋದರೆ ಅಲ್ಲಿ ಗುಂಟೆಯ ಬದಲು ಸೆಂಟ್ಸ್. ಎಕರೆಗೆ 100 ಸೆಂಟ್ಸ್, ಹಾಗಾಗಿ ಅಲ್ಲಿ 2.20 ಅಂದರೆ ನಿಜವಾಗಿಯೂ ದಶಮಾಂಶದ 2.20 ಎಕರೆ. ಆ ಭಾಗ ಮದ್ರಾಸ್ ಪ್ರಾಂತ್ಯದಲ್ಲಿ ಇದ್ದದ್ದರಿಂದ ಬಂದ ರೂಢಿ. ಅಲ್ಲಿನ ಹಳೇ ದಾಖಲೆಯಲ್ಲಿ ಲಿಂಕ್ಸ್ (ಚೈನಿನ ಕೊಂಡಿಯ ಉದ್ದದ ಅಳತೆ) ಸಿಕ್ಕರೆ ಯಾವ ಲಿಂಕ್ ಅಂತ ಕೇಳಿಕೊಳ್ಳಿ. 66 ಅಡಿಯ ಗಂಟರ್ ಚೈನಿನ ನೂರನೇ ಪಾಲು ಅಂದರೆ 20.12 ಸೆಂ.ಮೀ. ಮೆಟ್ರಿಕ್ ಚೈನಿನ ಲಿಂಕ್ 20 ಸೆಂ.ಮೀ. ನೋಡಲು ಒಂದೇ ಅನಿಸುತ್ತದೆ, ಆದರೆ 400 ಲಿಂಕ್ಸ್ ಹೋಗುವಷ್ಟರಲ್ಲಿ 47 ಸೆಂಟಿಮೀಟರ್ ವ್ಯತ್ಯಾಸ. ಗಡಿಯ ಬಾಂದು ಕಲ್ಲು ಹುಡುಕಿ ಅಗೆಯುವಾಗ 47 ಸೆಂಟಿಮೀಟರ್ ಅಂದರೆ ಕಲ್ಲು ಸಿಗುವುದು, ಸಿಗದಿರುವುದು.

ಈಗ ಜೊತೆಯವರ ಸಲಹೆ. ಅಡ್ಜಸ್ಟ್ ಮಾಡಬೇಡಿ. ಟ್ರಾವರ್ಸ್ ಅಡ್ಜಸ್ಟ್‌ಮೆಂಟ್ ಇರುವುದು ಒಳ್ಳೆಯ ಅಳತೆಯಲ್ಲೂ ಉಳಿಯುವ ಸಣ್ಣಪುಟ್ಟ ಮಿಲಿಮೀಟರ್‌ಗಳನ್ನು ಹಂಚುವುದಕ್ಕೆ. 400 ಮೀಟರ್ ಸುತ್ತಳತೆಗೆ 94 ಸೆಂಟಿಮೀಟರ್ ಅಂದರೆ ನಾನ್ನೂರಕ್ಕೆ ಒಂದು. ಟೋಟಲ್ ಸ್ಟೇಷನ್ ಕೆಲಸಕ್ಕೆ ಇದು ತೀರಾ ಕೆಟ್ಟ ಫಲಿತಾಂಶ. ಬಟನ್ ಒತ್ತಿದರೆ ಸಾಫ್ಟ್‌ವೇರ್ ಅದನ್ನು ನಾಲ್ಕೂ ಬದಿಗೆ ಸಮಾಧಾನವಾಗಿ ಹಂಚಿ, ಚೆಂದವಾಗಿ ಮುಚ್ಚಿದ ಆಕೃತಿ ಕೊಡುತ್ತದೆ. ಆಮೇಲೆ ತಪ್ಪು ಎಲ್ಲಿತ್ತು ಅಂತ ಯಾರಿಗೂ ತಿಳಿಯುವುದಿಲ್ಲ, ಮೂಲೆ ಕಲ್ಲುಗಳು ಮಾತ್ರ ಕಾಗದದ ಮೇಲೆ ಅಡಿಗಟ್ಟಲೆ ಸರಿದಿರುತ್ತವೆ. ಪಕ್ಕದ ಹೊಲದವರು ಬಂದು ಕೇಳಿದ ದಿನ ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ. ಇದನ್ನು ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಮುಚ್ಚದ ಆಕೃತಿ ನಮಗೆ ಏನೋ ಹೇಳುತ್ತಿರುತ್ತದೆ, ಅದರ ಬಾಯಿ ಕಟ್ಟಬಾರದು.

ನನಗೂ ಇಂಥದ್ದು ಆಗಿದೆ. ಕೆಲಸ ಶುರು ಮಾಡಿದ ಹೊಸತು. ಒಂದು ಅಡಿಕೆ ತೋಟಕ್ಕೆ ಬಾಡಿಗೆಯ ಟೋಟಲ್ ಸ್ಟೇಷನ್ ಒಯ್ದಿದ್ದೆ. ಎರಡು ಗೋಡೆ ಸೇರುವ ಮೂಲೆಯಲ್ಲಿ 100ರ ಹತ್ತಿರ ಓದಿತು. ಗೋಡೆಯನ್ನೇ ಓರೆ ಕಟ್ಟಿದ್ದಾರೆ ಅಂದುಕೊಂಡು ಬರೆದುಕೊಂಡೆ. ಸಂಜೆ ಮನೆಗೆ ಬಂದು ನಾಲ್ಕು ಕೋನ ಕೂಡಿಸಿದರೆ 399.99. ಅರ್ಧ ಗಂಟೆ ಸುಮ್ನೆ ಕೂತುಬಿಟ್ಟೆ. ನನಗಿಂತ ಮೊದಲು ಬಳಸಿದವರು ಅದನ್ನು ಗಾನ್ ಯೂನಿಟ್‌ನಲ್ಲಿ ಬಿಟ್ಟಿದ್ದರು. ಗಾನ್ ಅಂದರೆ ಪೂರ್ತಿ ಒಂದು ಸುತ್ತಿಗೆ 360ರ ಬದಲು 400, ಲಂಬಕೋನಕ್ಕೆ 100. ಯುರೋಪಿನ ಕೆಲವು ದೇಶಗಳಲ್ಲಿ ಸರ್ವೆಗೆ ಇದನ್ನೇ ಬಳಸುತ್ತಾರೆ, ಅದಕ್ಕೇ ಎಲ್ಲ ಇನ್‌ಸ್ಟ್ರುಮೆಂಟ್‌ಗಳಲ್ಲೂ ಆ ಆಯ್ಕೆ ಇರುತ್ತದೆ. ಬುಕ್ಕಿನಲ್ಲಿ ಓದಿದ ಅಂಕಿಗಳನ್ನು ಇದ್ದ ಹಾಗೇ ಬರೆದುಕೊಂಡಿದ್ದರಿಂದ ಉಳಿದುಕೊಂಡೆ. ಎಲ್ಲವನ್ನೂ 0.9ರಿಂದ ಗುಣಿಸಿದೆ, ಸರಿಯಾಯಿತು.

ಅವತ್ತಿನಿಂದ ಟ್ರೈಪಾಡ್ ಮೇಲೆ ಯಾವ ಇನ್‌ಸ್ಟ್ರುಮೆಂಟ್ ಕೂತರೂ ಮೊದಲು ದುರ್ಬೀನನ್ನು ಹೆಚ್ಚುಕಡಿಮೆ ಸಮತಟ್ಟಾಗಿ ಹಿಡಿದು ಲಂಬದ ಕೋನ ಓದುತ್ತೇನೆ. ಆಕಾಶದ ನೆತ್ತಿಯಿಂದ ಎಣಿಸುವ ಸೆಟ್ಟಿಂಗ್‌ನಲ್ಲಿ 90ರ ಹತ್ತಿರ ಬಂದರೆ ಡಿಗ್ರಿ, 100ರ ಹತ್ತಿರ ಬಂದರೆ ಗಾನ್. ಹತ್ತು ಸೆಕೆಂಡಿನ ಕೆಲಸ. ಆಮೇಲೆ ಟೇಪ್ ಹಿಡಿದು 10 ಮೀಟರ್ ಅಳೆದು ಪ್ರಿಸಂ (ಕಿರಣವನ್ನು ವಾಪಸ್ ಕಳಿಸುವ ಗಾಜು) ಇಟ್ಟು ನೋಡುತ್ತೇನೆ. 32.8 ಅಂತ ತೋರಿಸಿದರೆ ಅಡಿಯಲ್ಲಿದೆ.

ಉದ್ದದ ಯೂನಿಟ್ ತಪ್ಪು ಹಿಡಿಯುವುದು ಇನ್ನೂ ಸುಲಭ, ಯಾಕೆಂದರೆ ಅದು ಎಲ್ಲ ಬದಿಯಲ್ಲೂ ಒಂದೇ ಪಟ್ಟು ಇರುತ್ತದೆ. ಗೊತ್ತಿರುವ ಒಂದು ಬದಿಯನ್ನು ಸಾಫ್ಟ್‌ವೇರ್ ತೋರಿಸುವ ಬದಿಯಿಂದ ಭಾಗಿಸಿ, ಇಲ್ಲವೇ ತಿರುಗಿಸಿ ಭಾಗಿಸಿ. 3.28 ಬಂದರೆ ಅಡಿ ಮತ್ತು ಮೀಟರ್ ಬೆರೆತಿವೆ. 39.37 ಬಂದರೆ ಇಂಚಿನ ಟೆಂಪ್ಲೇಟ್ ತೆರೆದಿದ್ದೀರಿ, ಇನ್ನೊಂದು ಡ್ರಾಯಿಂಗ್ ಇನ್ಸರ್ಟ್ ಮಾಡುವಾಗ ಇದು ಜಾಸ್ತಿ ಆಗುತ್ತದೆ. 1000 ಬಂದರೆ ಮಿಲಿಮೀಟರ್. 10.06 ಬಂದರೆ ಚೈನು. ವಿಸ್ತೀರ್ಣದಲ್ಲಿ 10.76 ಬಂದರೆ ಚದರ ಅಡಿ, ಚದರ ಮೀಟರ್. ಒಂದೊಂದು ಬದಿಗೆ ಒಂದೊಂದು ಪಟ್ಟು ಬಂದರೆ ಅದು ಯೂನಿಟ್ ತಪ್ಪಲ್ಲ, ನಿಮ್ಮ ಚೈನು-ಆಣೆಯಂಥ ಬರವಣಿಗೆಯ ತಪ್ಪು ಅಥವಾ ಓದುವಾಗ ಆದ ತಪ್ಪು. 100 ಮೀಟರಿಗೆ 4 ಸೆಂಟಿಮೀಟರ್ ಆಸುಪಾಸು ಎಲ್ಲ ಕಡೆ ಒಂದೇ ಥರ ಕಡಿಮೆ ಬಂದರೆ ಯೂನಿಟ್ ಮುಟ್ಟಬೇಡಿ, ಅದು ಯುಟಿಎಂ ಪ್ರೊಜೆಕ್ಷನ್‌ನ (ಗುಂಡಗಿನ ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ಒಂದು ಪದ್ಧತಿ) ಸ್ಕೇಲ್.

ಅಮೆರಿಕದ ಟೆಂಪ್ಲೇಟ್‌ಗಳಲ್ಲಿ ಎರಡು ಥರದ ಅಡಿ ಕಾಣಿಸುತ್ತದೆ, ಇಂಟರ್‌ನ್ಯಾಷನಲ್ ಫುಟ್ ಮತ್ತು ಯುಎಸ್ ಸರ್ವೆ ಫುಟ್. ವ್ಯತ್ಯಾಸ ಹತ್ತು ಲಕ್ಷಕ್ಕೆ ಎರಡು. ಹೊಲದ ಬದಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ. ಆದರೆ ಬೆಂಗಳೂರಿನ ಅಕ್ಷಾಂಶದಲ್ಲಿ ಯುಟಿಎಂ ನಾರ್ತಿಂಗ್, ಅಂದರೆ ಸಮಭಾಜಕದಿಂದ ಉತ್ತರಕ್ಕೆ ಇರುವ ದೂರ, 14 ಲಕ್ಷ ಮೀಟರ್ ದಾಟಿರುತ್ತದೆ. ಅದನ್ನು ಒಂದು ಥರದ ಅಡಿಯಲ್ಲಿ ಹಾಕಿ ಇನ್ನೊಂದು ಥರದ ಅಡಿಯಲ್ಲಿ ತೆಗೆದರೆ ಇಡೀ ಹೊಲ ಸುಮಾರು ಮೂರು ಮೀಟರ್ ಸರಿಯುತ್ತದೆ. ಅಮೆರಿಕವೇ 2022ರ ಕೊನೆಗೆ ಸರ್ವೆ ಫುಟ್ ಕೈಬಿಟ್ಟಿದೆ. ನಮಗಂತೂ ಬೇಡವೇ ಬೇಡ, ಡ್ರಾಯಿಂಗ್ ಮೀಟರ್‌ನಲ್ಲೇ ಇರಲಿ.

ಇನ್ನೊಂದು ಮಾತು ಹೇಳದೆ ಬಿಟ್ಟರೆ ತಪ್ಪಾದೀತು. ಮೊತ್ತವೂ ಸರಿ, ಆಕೃತಿಯೂ ಮುಚ್ಚಿದೆ, ವಿಸ್ತೀರ್ಣವೂ ಸರಿ, ಆದರೂ ನಕ್ಷೆ ತಪ್ಪು ಇರಬಹುದು. ಆಟೋಕ್ಯಾಡ್ ತಾನಾಗಿಯೇ ಕೋನವನ್ನು ಪೂರ್ವದಿಂದ ಶುರು ಮಾಡಿ, ಗಡಿಯಾರದ ಮುಳ್ಳಿಗೆ ಉಲ್ಟಾ ಎಣಿಸುತ್ತದೆ. ನಾವು ಬೇರಿಂಗ್ (ಗೆರೆಯ ದಿಕ್ಕು ಹೇಳುವ ಕೋನ) ಎಣಿಸುವುದು ಉತ್ತರದಿಂದ, ಮುಳ್ಳಿನ ದಿಕ್ಕಿಗೆ. ಸೆಟ್ಟಿಂಗ್ ಬದಲಿಸದೆ ಬೇರಿಂಗ್ ಹಾಕಿದರೆ ಹೊಲ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿ ಕೂರುತ್ತದೆ. ವಿಸ್ತೀರ್ಣ ಒಂದಿಷ್ಟೂ ಬದಲಾಗುವುದಿಲ್ಲ! ಯೂನಿಟ್ಸ್ ಕಮಾಂಡ್ ಕೊಟ್ಟು, ಡೈರೆಕ್ಷನ್‌ನಲ್ಲಿ ನಾರ್ತ್ ಆರಿಸಿ, ಕ್ಲಾಕ್‌ವೈಸ್ ಟಿಕ್ ಹಾಕಿ. ಆಮೇಲೆ ಬಾವಿಯೋ ಹುಣಸೆ ಮರವೋ ಯಾವ ಮೂಲೆಯಲ್ಲಿ ಇತ್ತು ಅಂತ ನೆನಪು ಮಾಡಿಕೊಂಡು ಡ್ರಾಯಿಂಗ್ ಜೊತೆ ಹೋಲಿಸಿ.

ಇವತ್ತು ಸಂಜೆಯೇ ಕೂತು ನಾಲ್ಕು ಕೋನವನ್ನು ಸರಿಯಾಗಿ ಹಾಕಿ. ಬಾಯಿ ಒಂದೆರಡು ಸೆಂಟಿಮೀಟರಿಗೆ ಇಳಿಯಬೇಕು. ಇಳಿಯದಿದ್ದರೆ ನಾಲ್ಕು ಬದಿಯ ಅಳತೆಯನ್ನೂ ಸೇರಿಸಿ ನನಗೆ ಬರೆಯಿರಿ. ಆದರೆ ಅದಕ್ಕೂ ಮೊದಲು ಹೊಲದವರಿಗೆ ಒಂದು ಫೋನ್ ಮಾಡಿ. 12 ಗುಂಟೆ ಹೆಚ್ಚಿಗೆ ಇಲ್ಲ, ಪಹಣಿಯಲ್ಲಿ ಇರುವಷ್ಟೇ ಹೊಲದಲ್ಲೂ ಇದೆ ಅಂತ ಹೇಳಿ. ಅವರು ಆ ಮಾತು ನಂಬಿ ಬೇಲಿ ಸರಿಸುವಷ್ಟರೊಳಗೆ ಹೇಳಿ.